ಡಬ್ಬಿಯ ಅಡಿಯ ರಾಜೀನಾಮೆಗಳು

ಕಾರ್ಖಾನೆಯ ಸಿಬ್ಬಂದಿ ವಿಭಾಗದ ಗುಮಾಸ್ತೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಊಟದ ಡಬ್ಬಿ, ಅದರ ಅಡಿಯಲ್ಲಿ ರಾಜೀನಾಮೆಗಳು. ಯಾರಾದರೂ ಮೇಸ್ತ್ರಿಯ ಜೊತೆ ಜಗಳವಾಡಿ ಬಂದು ಕಾಗದ ಎಸೆದರೆ ಅವಳು ಅದನ್ನು ಮೇಲಕ್ಕೆ ಕಳಿಸದೆ ಅಲ್ಲಿ ತುರುಕುತ್ತಿದ್ದಳು. ನಿಜವಾಗಿ ಕೆಲಸ ಬಿಡುವವರು ಮತ್ತೆ ಬಂದು ವಿಚಾರಿಸುತ್ತಿದ್ದರು, ಅವರದನ್ನು ಮೇಲಕ್ಕೆ ಕಳಿಸುತ್ತಿದ್ದಳು. ಉಳಿದವರು ಸಿಟ್ಟಿಳಿದ ಮೇಲೆ ಸಪ್ಪೆ ಮುಖ ಹೊತ್ತು ಬರುತ್ತಿದ್ದರು. ಅವರಿಗೆ ಚೆನ್ನಾಗಿ ಬೈದು ಕಾಗದ ವಾಪಸು ಕೊಡುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು ಬಾಯ್ಲರ್ ನೋಡಿಕೊಳ್ಳುವ ಮೆಣಸಿನಕಾಯಿ. ಮೂಗಿನ ತುದಿಯಲ್ಲೇ ಕೋಪ, ಅದಕ್ಕೇ ಆ ಹೆಸರು.

"ಹೆಂಡತಿಗೆ ಡಯಾಲಿಸಿಸ್ ನಡೀತಿರೋದು ಕಂಪನಿ ವಿಮೇಲಿ. ನೀನು ಇಲ್ಲಿ ಪೌರುಷ ತೋರಿಸ್ತೀಯಾ? ತಲೇಲಿರೋದು ಮಿದುಳೋ ಬಾಯ್ಲರೋ?"

"ಬೈಯಕ್ಕ. ನೀನು ಬೈದ್ರೆ ಕೆಲಸ ಉಳೀತು ಅಂತ ಅರ್ಥ."

ಆಮೇಲೆ ಹೊಸ ಮ್ಯಾನೇಜರ್ ಬಂದ. ಹುಡುಗ ಒಳ್ಳೆಯವನೇ. ರಜೆ, ಸಂಬಳದ ಚೀಟಿ ಎಲ್ಲವನ್ನೂ ಫೋನಿಗೆ ತಂದ. ಒಂದು ದಿನದ ರಜೆಗೆ ಬಾಗಿಲಲ್ಲಿ ಕಾಯುವುದು ತಪ್ಪಿತೆಂದು ಎಲ್ಲರಿಗೂ ಖುಷಿ, ಅಕ್ಕನಿಗೂ.

"ರಾಜೀನಾಮೆ ಮಾತ್ರ ನಿಮ್ಮ ಮೇಜಲ್ಲೇ ನಿಂತುಬಿಡತ್ತಲ್ಲ ಮೇಡಂ, ಯಾಕೆ?"

"ಬಿಸಿ ಇರತ್ತೆ ಸಾರ್. ಸ್ವಲ್ಪ ಆರ್ಲಿ ಅಂತ."

ಅವನು ನಕ್ಕ. ರಾಜೀನಾಮೆಯನ್ನೂ ಫೋನಿಗೆ ತಂದು, ಅವಳ ಮೇಜಿನ ಆ ಒಂದು ಹಂತವನ್ನು ತೆಗೆದುಹಾಕಿದ.

ಮೆಣಸಿನಕಾಯಿ ಮೇಸ್ತ್ರಿಯ ಮೇಲೆ ಹಾರಾಡಿದ್ದು ಒಂದು ವಾಲ್ವಿನ ವಿಷಯಕ್ಕೆ. ಅಲ್ಲೇ ನಿಂತು ಫೋನ್ ತೆಗೆದು ರಾಜೀನಾಮೆ ಒತ್ತಿದ. ಬೆವರು ಆರುವ ಮೊದಲೇ ಒಪ್ಪಿಗೆ ಬಂತು. ಸಂಜೆಯೊಳಗೆ, ಕೆಲಸಕ್ಕೆ ಕಾದಿದ್ದ ಇನ್ನೊಬ್ಬನಿಗೆ ಕರೆ ಹೋಯಿತು, ಅವನು ಬರುತ್ತೇನೆಂದ.

ಮರುದಿನ ಮೆಣಸಿನಕಾಯಿಯ ಕಾರ್ಡಿಗೆ ಗೇಟು ತೆರೆಯಲಿಲ್ಲ. ಕಾವಲುಗಾರ ಬಂದು ಹೇಳಿದಾಗ ಅಕ್ಕ ಮೊದಲು ಓಡಿದ್ದು ಮ್ಯಾನೇಜರನ ಕೋಣೆಗೆ. ಅವನು ಮುಖ್ಯ ಕಚೇರಿಗೆ ಫೋನ್ ಮಾಡಿ ಬೇಡಿಕೊಂಡ, ವಿಮಾ ಕಂಪನಿಗೂ ಮಾಡಿದ.

"ಜಾಗ ಖಾಲಿಯಾದ್ರೆ ನಾನೇ ಕರೀತೀನಿ ಮೇಡಂ. ಆದ್ರೆ ವಿಮೆ ನಿನ್ನೇನೇ ನಿಂತಿದೆ. ಮತ್ತೆ ಸೇರಿದ್ರೂ ಹಳೇ ಕಾಯಿಲೆಗೆ ಮೊದಲ ವರ್ಷ ಸಿಗಲ್ಲ." ಅವನ ದನಿ ಇಳಿದಿತ್ತು.

ಅಕ್ಕ ಗೇಟಿಗೆ ಬಂದಳು. ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಮೆಣಸಿನಕಾಯಿಯ ಹೆಂಡತಿ ಆಸ್ಪತ್ರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇವನು ಗೇಟಿನ ಸರಳು ಹಿಡಿದು ಹೊರಗೆ ನಿಂತಿದ್ದ.

"ಡಬ್ಬಿ ಎತ್ತಕ್ಕ. ಫೋನಲ್ಲಿ ಕಳಿಸಿದ್ದೂ ಅದರಡೀಲೇ ತುರುಕಿರ್ತೀಯ, ನಂಗೊತ್ತು. ಬೈಯೋದೆಲ್ಲ ಬೇಗ ಬೈದುಬಿಡು, ಬಸ್ ಬರೋ ಹೊತ್ತಾಯ್ತು."

ಹೇಳಿ, ಎಂದಿನಂತೆ ತಲೆ ಬಗ್ಗಿಸಿ ನಿಂತ.

ಅಕ್ಕ ಬಾಯಿ ತೆರೆದಳು. ಬೈಗುಳ ಒಂದೂ ಬರಲಿಲ್ಲ.

"ತಿಂಡಿ ಆಯ್ತೇನಪ್ಪ?" ಎಂದಳು, ಮೆಲ್ಲಗೆ.

ಅವನು ತಲೆಯೆತ್ತಿ ಅವಳ ಮುಖ ನೋಡಿದ. ತುಟಿಯ ಮೇಲಿನ ನಗು ಇನ್ನೂ ಹೋಗಿರಲಿಲ್ಲ.

"ಬೈಯಕ್ಕ," ಎಂದ.

ಬಸ್ಸು ಬಂತು. ಆಚೆ ಬದಿಯಲ್ಲಿ ಹೆಂಡತಿ ಚೀಲ ಹಿಡಿದು ಎದ್ದು, ಬೇಗ ಬಾ ಎಂದು ಅವನಿಗೆ ಕೈಬೀಸಿದಳು.