ಖಾನಾಪುರದ ಕೆಮ್ಮಣ್ಣು

ಅಹಮದಾಬಾದಿನ ಕನ್ನಡಿಗರ ಇತಿಹಾಸವನ್ನು ಯಾರಾದರೂ ಬರೆದರೆ, ಅವರ ಬಾಲ್ಕನಿಗಳ ತುಳಸಿ ಬಾಡಿದ ವರ್ಷಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಸಂಘದವರು ಎರಡು ಸಭೆ ಸೇರಿ, ಆರು ಸಲ ಚಹಾ ಕುಡಿದು, ದೋಷ ಇಲ್ಲಿನ ಮರಳುಮಣ್ಣಿನದೇ ಎಂದು ಠರಾವು ಮಾಡಿದರು. ಅಧ್ಯಕ್ಷ ಸಿದ್ದಲಿಂಗಪ್ಪ ಊರಿನಿಂದ ಬರುವಾಗ ಖಾನಾಪುರದ ಕೆಮ್ಮಣ್ಣು ಎರಡು ಮೂಟೆ ತಂದರು. ಒಂದನ್ನು ತಮ್ಮ ಕಾರಿನಲ್ಲೇ ವಡೋದರಾದ ಆಲ್ಕಾಪುರಿಗೆ, ನಿವೃತ್ತ ರೈಲ್ವೆ ಅಧಿಕಾರಿ ರಾಮಚಂದ್ರ ಅವರ ಮನೆಗೆ ಮುಟ್ಟಿಸಿದರು. ಇನ್ನೊಂದು ಅಹಮದಾಬಾದಿನದೇ ಬೋಪಾಲ್ ಬಡಾವಣೆಯ ಭೀಮಸೇನರಾಯರಿಗೆ ಹೋಯಿತು.

ರಾಯರು ಪೊಲೀಸರಿಗೆ ಮಣ್ಣು ಪರೀಕ್ಷೆ ಮಾಡಿಕೊಡುವ ತಜ್ಞರು. ಬೂಟಿನ ಕೆಸರು ನೋಡಿ ಬೂಟು ಎಲ್ಲೆಲ್ಲಿ ತಿರುಗಿತ್ತು ಎಂದು ಹೇಳುವವರು. ಅವರ ಮೂಟೆ ಹೊತ್ತು ತಂದವನು ಟೆಂಪೊ ಓಡಿಸುವ ಮಂಥನ್. ಲಿಫ್ಟು ಗಲೀಜಾದೀತೆಂದು ಅವನನ್ನು ಏಳು ಮಹಡಿ ಮೆಟ್ಟಿಲು ಹತ್ತಿಸಿದರು. ಮೂಟೆ ಹರಿದು ಮೆಟ್ಟಿಲೆಲ್ಲ ಕೆಂಪಾಯಿತು. ಬೈದು, ಅವನ ಕೈಯಿಂದಲೇ ಗುಡಿಸಿಸಿದರು.

ಮೂರನೇ ದಿನ ರಾಮಚಂದ್ರ ಅವರನ್ನು ಯಾರೋ ಅಂಗಳದಲ್ಲೇ ತಲೆಗೆ ಹೊಡೆದು ಕೊಂದರು. ತುಳಸಿ ಕುಂಡ ಒಡೆದು ಮಣ್ಣು ಚೆಲ್ಲಿತ್ತು. ಆ ಹೊತ್ತಿಗೆ ಮಂಥನ್‌ನ ಟೆಂಪೊ ಅದೇ ಬೀದಿಯಲ್ಲಿತ್ತು; ಪೊಲೀಸರು ಅವನನ್ನು ಹಿಡಿದರು. ಪಕ್ಕದ ಮನೆಗೆ ಫ್ರಿಜ್ ಇಳಿಸಲು ಬಂದಿದ್ದೆ, ಆ ಅಂಗಳಕ್ಕೆ ಕಾಲೇ ಇಟ್ಟಿಲ್ಲ ಎಂದ. ಅವನ ಚಪ್ಪಲಿಯ ಕೆಮ್ಮಣ್ಣು ರಾಯರ ಮೇಜಿಗೆ ಬಂತು; ಪೊಟ್ಟಣದ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ತಮ್ಮ ಕಡೆಯ ಮಣ್ಣನ್ನು ಗುರುತು ಹಿಡಿದ ಹೆಮ್ಮೆಯಲ್ಲಿ ರಾಯರು ಬರೆದರು: ಅಂಗಳದ್ದೂ ಚಪ್ಪಲಿಯದ್ದೂ ಒಂದೇ ಮಣ್ಣು, ಗುಜರಾತಿನಲ್ಲಿ ಇದು ಬೇರೆಲ್ಲೂ ಇಲ್ಲ. ತಮ್ಮ ಬಾಲ್ಕನಿಯೂ ಗುಜರಾತಿನಲ್ಲೇ ಇದೆ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ.

ಪತ್ರಿಕೆಯಲ್ಲಿ ಫೋಟೊ ಬಂದಾಗ ಹೆಂಡತಿ ಸೀತಾ ಗುರುತಿಸಿದಳು.

"ಏನ್ರೀ, ಇಂವ ನಮ್ಮ ಮನಿಗೆ ಮಣ್ಣು ಹೊತ್ಕೊಂಡು ಬಂದಾಂವ ಅಲ್ಲೇನು? ಅವನ ಚಪ್ಪಲಿಗೆ ಹತ್ತಿದ್ದು ನಮ್ಮ ಮೆಟ್ಟಲದ್ದು!"

"ವರದಿ ಹೋಗ್ಯದ."

"ವಾಪಸ್ ಕರೀರಿ. ತವರಿಗೆ ಹೋದ ಹೆಂಡ್ತಿ ಏನದು, ಕರದ್ರ ಬರಂಗಿಲ್ಲ ಅನ್ಲಿಕ್ಕೆ?"

"ಇಪ್ಪತ್ತೆಂಟು ವರ್ಷದಾಗ ನಂದೊಂದು ವರದಿ ತಪ್ಪಿಲ್ಲ, ಸೀತಾ. ಇದೊಂದು ಬಿದ್ರ ಹಳೇ ಕೇಸೆಲ್ಲಾ ಕೆದಕ್ತಾರ."

"ಅದಕ್ಕ ಅಂವ ಒಳಗ ಕೊಳೀಬೇಕೇನು?"

"ಅವಗ ವಕೀಲ ಇದ್ದಾನ. ನೀ ಚಪಾತಿ ಹಾಕು."

ಸಾಕ್ಷಿ ಹೇಳುವ ದಿನ ಮುಂಜಾನೆ ರಾಯರು ಕುಂಡ ಬರಿದು ಮಾಡಿ ನರ್ಸರಿಯ ಮಣ್ಣು ತುಂಬಿದರು. ತುಳಸಿಯನ್ನು ಕೀಳುವ ಮುಂಚೆ ಕೈಮುಗಿದರು, ಸಂಸ್ಕಾರವಂತರು.

ಕಟಕಟೆಯಿಂದ ಮಂಥನ್ ಗುಜರಾತಿಯಲ್ಲಿ ಅರಚಿದ: "ಸಾಹೇಬ್, ಆ ಮಣ್ಣು ನಿಮ್ಮ ಮನೆಯದು! ನೀವೇ ನನ್ನ ಕೈಲಿ ಗುಡಿಸಿಸಿದಿರಿ!"

"ನಿಮ್ಮ ಮನೆಯಲ್ಲಿ ಅಂಥ ಮಣ್ಣಿದೆಯೆ?" ಎಂದು ಅವನ ವಕೀಲ ಕೇಳಿದ.

"ಇಲ್ಲ. ಯಾರು ಬೇಕಾದರೂ ಬಂದು ನೋಡಲಿ."

ಬಂದು ನೋಡಿದರು. ಸೀತಾ ಅವರಿಗೆ ಚಹಾ ಕೊಟ್ಟಳು; ಗಂಡನ ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು ಉಳಿದಿತ್ತು, ಬಾಯಿ ಬಿಡಲಿಲ್ಲ. ಸಿದ್ದಲಿಂಗಪ್ಪ ಹೇಳಬಹುದಿತ್ತು. ಆದರೆ ಸಂಘದ ಹೆಸರು ಕೋರ್ಟು ಹತ್ತಬಾರದೆಂದು ಸದಸ್ಯರು ಒಮ್ಮತದಿಂದ ತೀರ್ಮಾನಿಸಿದ್ದರು.

ಮಂಥನ್‌ಗೆ ಜೀವಾವಧಿ ಶಿಕ್ಷೆಯಾಯಿತು.