ಹಳೇ ಐಸಿಗೆ ಕಿಟಕಿ

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಬಾಯಿಗೆ ಬೀಗವಿಲ್ಲದ ಮನುಷ್ಯ ಅಂದರೆ ಎದುರುಮನೆ ತಿರುನಾರಾಯಣಯ್ಯ. ೨೦೦೮ರ ಬೇಸಿಗೆಯಲ್ಲಿ ನನ್ನ ಮಗಳು ಮೈತ್ರೇಯಿ ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದ ಕೆಲಸದಿಂದ ರಜೆಗೆ ಬಂದಾಗ ನಮ್ಮ ಜಗಲಿ ಮೇಲೇ ಕೂತು, "ಸಮುದ್ರದ ಮಂಜುಗಡ್ಡೆ ವಿಂಗಡಿಸ್ತೀಯಂತೆ. ಫ್ರಿಜ್ಜಿನದು ಬಿಟ್ಟು ಬೇರೆ ಐಸು ಕಂಡಿದೀಯೇನೇ?" ಅಂದರು. ನನಗೆ ಮೈಯೆಲ್ಲ ಉರಿಯಿತು.

"ನಾನು ಕಂಡಿಲ್ಲ, ಉಪಗ್ರಹ ಕಂಡಿದೆ" ಅಂದ ಮೈತ್ರೇಯಿ ಅವರ ಊರುಗೋಲನ್ನೇ ಕಿತ್ತುಕೊಂಡು ನಮ್ಮ ಕಿಟಕಿಗೆ ಅಡ್ಡಡ್ಡ ತಳ್ಳಿದಳು. ನೆಟ್ಟಗಿನ ಸರಳುಗಳು ತಡೆದವು.

"ಉಪಗ್ರಹ ರೇಡಾರ್ ಅಲೆಯನ್ನ ಹೀಗೆ ಅಡ್ಡಡ್ಡ ಕಳಿಸುತ್ತೆ. ಹೊಸ ಐಸು ನುಣುಪು, ಅಲೆ ಅಡ್ಡವಾಗೇ ವಾಪಸು ಬರುತ್ತೆ. ಹಳೇ ಐಸು ಒರಟು, ಒಳಗೆಲ್ಲ ಗುಳ್ಳೆ. ಅದು ಒಂದಿಷ್ಟು ಅಲೆಯನ್ನ ನೆಟ್ಟಗೆ ತಿರುಗಿಸಿಬಿಡುತ್ತೆ." ಕೋಲನ್ನು ನೆಟ್ಟಗೆ ತಿರುಗಿಸಿದಳು. ಸರಳುಗಳ ನಡುವೆ ಸಲೀಸಾಗಿ ಒಳಹೋಯಿತು. "ನೆಟ್ಟಗಿನದನ್ನಷ್ಟೇ ಒಳಗೆ ಬಿಡೋ ಇಂಥ ಕಿಟಕಿ ಉಪಗ್ರಹಕ್ಕೂ ಇದೆ. ಹೀಗೆ ಒಳಗೆ ಬಂದದ್ದು ಜಾಸ್ತಿ ಇದ್ದರೆ ಹಳೇ ಐಸು, ಗಟ್ಟಿ. ಹಡಗು ಅತ್ತ ಹೋಗಬಾರದು."

ತಿರುನಾರಾಯಣಯ್ಯ ಕೋಲನ್ನು ವಾಪಸು ಇಸಕೊಂಡು ಎದ್ದುಹೋದರು.

ಮಾರನೇ ಬೆಳಿಗ್ಗೆ ಮುಚ್ಚಿದ್ದ ಕಿಟಕಿಯಾಚೆ ಸರಳಿಗೆ ಕೋಲು ಬಡಿಯುವ ಸದ್ದು. ಹಾಲಿನ ಗೌರೀಶನನ್ನು ನಿಲ್ಲಿಸಿಕೊಂಡು ಅವರೇ ಕೂಗುತ್ತಿದ್ದರು: "ನೋಡೋ, ಇದು ಹೊಸ ಐಸು. ನಮ್ಮ ಹುಡುಗಿ ಹಡಗಿಗೆ ದಾರಿ ತೋರಿಸೋದು ಹೀಗೇ ಕಣೋ!" ಆಮೇಲೆ ನನಗೆ, "ಸರಸಮ್ಮ, ಬೇಗ ಕಿಟಕಿ ತೆಗೀರಿ, ಹಳೇ ಐಸು ಒಳಗೆ ಬರಬೇಕು!"