ಗುಳದ ಮೇಲಿನ ಮಣ್ಣು

ಭರಣಿ ಮಳೆ ಬಿದ್ದು ಹೊಲ ಹದವಾಗಿತ್ತು. ಶಿವಗಂಗೆಯ ಆಚೆಗಿನ ಒಂದು ಊರಿನಲ್ಲಿ ಎಲ್ಲರ ಮನೆಯ ನೇಗಿಲೂ ಹೊರಗೆ ಬಂತು. ಪಿಳ್ಳಮ್ಮನ ಮನೆಯದು ಮಾತ್ರ ಕೊಟ್ಟಿಗೆಯ ಮೂಲೆ ಬಿಟ್ಟು ಕದಲಲಿಲ್ಲ.

ಅವಳ ಗಂಡ ವೆಂಕಟರಾಯಪ್ಪ ಪಟಾಲಂ ಸೇರಿ ಯುದ್ಧಕ್ಕೆಂದು ಬರ್ಮಾದ ಕಡೆ ಹೋಗಿ ಎರಡು ವರ್ಷವಾಗಿತ್ತು. ಹೊರಡುವ ಹಿಂದಿನ ಸಂಜೆ ಉತ್ತು ಬಂದವನು, ನೇಗಿಲಿನ ಕಬ್ಬಿಣದ ಗುಳಕ್ಕೆ ಮೆತ್ತಿದ್ದ ಕೆಮ್ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ, "ನಾಳೆ ತೊಳ್ದ್ರಾಯ್ತು" ಅಂದಿದ್ದ. ಬೆಳಗಾದರೆ ಹೊರಡುವ ಗಡಿಬಿಡಿ. ಆ ಬೆರಳಿನ ಗುರುತು ಮಣ್ಣಿನಲ್ಲಿ ಹಾಗೇ ಉಳಿಯಿತು. ಮಣ್ಣು ಒಣಗಿ ಉದುರೀತೆಂದು ಪಿಳ್ಳಮ್ಮ ಪ್ರತಿ ಶುಕ್ರವಾರ ಅದರ ಮೇಲೆ ನೀರು ಚಿಮುಕಿಸುತ್ತಿದ್ದಳು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಾಗದ ಬಾರದ ತಿಂಗಳುಗಳಲ್ಲಿ ಗಂಡ ಎಲ್ಲೋ ಇದ್ದಾನೆ ಅನ್ನುವ ಧೈರ್ಯ ಅವಳಿಗೆ ಅದನ್ನು ನೋಡಿದಾಗಲೇ ಬರುತ್ತಿತ್ತು.

ಅವಳ ಅಣ್ಣ ಗಂಗಣ್ಣ ದಾಬಸ್‌ಪೇಟೆ ಕಡೆ ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ತಂಗಿಯ ಹೊಲ ಉತ್ತುಕೊಡಲು ರಜ ಹಾಕಿ ಬಂದ.

"ಇದ್ಯಾಕಮ್ಮಾ, ಮಣ್ಣು ಹಂಗೇ ಬಿಟ್ಟಿದ್ದೀಯಾ?"

"ಅದು ಹಂಗೇ ಇರ್ಲಿ ಅಣ್ಣಾ. ಯಾರದಾದ್ರೂ ನೇಗ್ಲು ತಂದು ಉಳು."

"ಇಂಥ ಹದದಲ್ಲಿ ಯಾರು ಕೊಡ್ತಾರೆ? ಇದೂ ಹಾಳಾಗ್ತದೆ ಕಣಮ್ಮ."

"ಹುಳ ಹಿಡಿಯೋಕೆ ಇದೇನು ಅವರೆಕಾಳಾ? ಕಬ್ಬಿಣಕ್ಕೇನಾಯ್ತದೆ?"

ಗಂಗಣ್ಣ ಗುಳದ ಅಂಚನ್ನು ಉಗುರಿನಿಂದ ಕೆರೆದ. ಕೆಂಪು ಪದರವೊಂದು ಹಪ್ಪಳದ ಚೂರಿನಂತೆ ಕಳಚಿ ಬಿತ್ತು.

"ಇದು ಮೇಲೆ ಅಂಟಿದ ಕೊಳೆಯಲ್ಲ. ಕಬ್ಬಿಣವೇ ಹಿಂಗಾಗಿರೋದು. ನೀರು, ಗಾಳಿ ಎರಡೂ ತಗುಲಿದ್ರೆ ತುಕ್ಕು ಹುಟ್ತದೆ. ಒಂದು ಪದರ ಉದುರಿದ್ರೆ ಒಳಗಿನದಕ್ಕೆ ಹಿಡೀತದೆ. ನೀನು ವಾರ ವಾರ ನೀರು ಹಾಕ್ದೆ, ಮಣ್ಣು ಅದನ್ನ ಹಿಡ್ಕೊಂಡು ಕೂತಿತ್ತು. ಪಕ್ಕದಲ್ಲಿ ದನದ ಉಪ್ಪಿನ ಮಡಕೆ ಬೇರೆ. ಉಪ್ಪು ಸೇರಿದ್ರೆ ಇನ್ನೂ ಬೇಗ ತಿಂತದೆ."

"ಮಳೇಲಿ ನೆನೆಯೋ ನಿಮ್ಮ ರೈಲು ಹಳಿ ಹಂಗೇ ಇಲ್ವಾ?"

"ಅದಕ್ಕೂ ತುಕ್ಕು ಬಿಟ್ಟಿಲ್ಲ. ಬೋಲ್ಟಿಗೆ ಎಣ್ಣೆ ಹಾಕು ಅಂತಾನೇ ನಂಗೆ ಸಂಬ್ಳ ಕೊಡೋದು." ಗಂಗಣ್ಣ ನಕ್ಕು ಗುಳದ ಹಿಂತುದಿ ತೋರಿಸಿದ. ಮೇಲಿನ ಗೋಡೆಗೂಡಿನ ದೀಪದಿಂದ ಹರಳೆಣ್ಣೆ ತೊಟ್ಟಿಕ್ಕಿದ ಕಡೆ ಕಬ್ಬಿಣ ಕಪ್ಪಗೆ ನುಣ್ಣಗಿತ್ತು. "ನೋಡು. ಎಣ್ಣೆ ಇದ್ದ ಕಡೆ ನೀರು, ಗಾಳಿ ಒಳಕ್ಕೋಗಿಲ್ಲ."

ಪಿಳ್ಳಮ್ಮ ಬೆರಳಿಟ್ಟು ಸವರಿ ನೋಡಿದಳು. ಅಣ್ಣ ಹೇಳಿದ್ದು ಸುಳ್ಳಲ್ಲ.

"ಯುದ್ಧ ಮುಗಿಯೋಗಂಟ ಹೊಸ ಕಬ್ಬಿಣ ಸಿಗಾಕಿಲ್ಲ. ನಾಳೆ ಭಾವ ಬಂದ್ರೆ ಏನ್ ಕಟ್ಟಿ ಉಳ್ತಾರೆ?"

"ಅವ್ರ ಬೆರಳಿನ ಗುರುತು ಹೋಗ್ತದಲ್ಲಣ್ಣಾ" ಅಂದಳು ಪಿಳ್ಳಮ್ಮ.

ಅವಳು ಅಲ್ಲೇ ಕುಳಿತಳು. ಗಂಡನ ಬೆರಳಿನ ಗುರುತಿನೊಳಗೆ ತನ್ನ ಹೆಬ್ಬೆರಳಿಟ್ಟಳು. ಅದು ಸಡಿಲವಾಗಿ ಕೂತಿತು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಯಾರ ಕೈಗೂ ಕೊಡದೆ ತಾನೇ ಮಣ್ಣು ಬಿಡಿಸಿದಳು. ಗುಳ ಕಳಚಿ, ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ತಿಕ್ಕಿದಳು. ಒಲೆಯ ಬಳಿ ಚೆನ್ನಾಗಿ ಒಣಗಿಸಿ ಹರಳೆಣ್ಣೆ ಸವರಿದಳು. ಗುಳ ಸವೆದಿತ್ತು, ಆದರೆ ಮುರಿಯುವಷ್ಟಲ್ಲ. ಮಾರನೆಯ ದಿನ ಹೊಲದಲ್ಲಿ ಸಾಲು ನೆಟ್ಟಗೆ ಬಿತ್ತು. ಸಂಜೆ ಅಣ್ಣ ಹೇಳುವ ಮೊದಲೇ ಪಿಳ್ಳಮ್ಮ ಗುಳ ಒರೆಸಿ ಎಣ್ಣೆ ಬಟ್ಟೆ ತಂದಳು. ಉಪ್ಪಿನ ಮಡಕೆ ಬೇರೆ ಮೂಲೆಗೆ ಹೋಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕುಡುಗೋಲು, ಮಚ್ಚು, ಗುದ್ದಲಿ, ಗುಳಗಳನ್ನು ಈ ಸಂಜೆಯೇ ತೆಗೆದು ನೋಡಿ. ಕೆಲಸ ಮುಗಿದ ಕೂಡಲೇ ಮಣ್ಣು ಬಿಡಿಸಿ, ಒರೆಸಿ, ಒಣಗಿಸಿ, ಎಣ್ಣೆ ಸವರಿ. ತೇವ, ಉಪ್ಪಿನಿಂದ ದೂರ ಇಡಿ. ದೂರ ಹೋದವರು ಒಂದು ದಿನ ಬಾಗಿಲಿಗೆ ಬಂದು "ನನ್ನ ನೇಗಿಲೆಲ್ಲಿ?" ಎಂದು ಕೇಳಿದರೆ, ತೋರಿಸಲು ಅದು ಇರಬೇಕು.